ಜ್ಞಾನ ಬಂದ ಮೇಲೂ ದೇಹವೇಕೆ ಉಳಿಯುತ್ತದೆ? ನವಬೃಂದಾವನದ ವ್ಯಾಸರಾಜರ ಬದುಕು ಮತ್ತು ವಾದ

ಆನೆಗೊಂದಿಯ ಸಮೀಪ ತುಂಗಭದ್ರೆ ಕವಲೊಡೆದು ಹರಿಯುವ ಕಡೆ ಬಂಡೆಗಳಿಂದ ಕೂಡಿದ ನಡುಗಡ್ಡೆಯೊಂದಿದೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ ಈ ತಾಣಕ್ಕೆ ದೋಣಿಯಲ್ಲಿ ಹೋಗಬೇಕು. ಒಂಬತ್ತು ಮಂದಿ ಮಾಧ್ವ ಯತಿಗಳ ಬೃಂದಾವನಗಳು ಇಲ್ಲಿರುವುದರಿಂದ ಇದಕ್ಕೆ ನವಬೃಂದಾವನ ಎಂಬ ಹೆಸರು. 2019ರ ಜುಲೈ 17ರ ರಾತ್ರಿ ದುಷ್ಕರ್ಮಿಗಳು ಇಲ್ಲಿಗೆ ನುಗ್ಗಿ, ನಡುವಿನಲ್ಲಿದ್ದ ಬೃಂದಾವನವನ್ನು ಕಿತ್ತು ಕೆಡವಿದರು. ಕೆತ್ತನೆಯ ಕಲ್ಲುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಅಡಿಯಲ್ಲಿ ನಿಧಿ ಇದೆ ಎಂಬುದು ಅಗೆದವರ ನಂಬಿಕೆಯಾಗಿತ್ತು.

ವಿಜಯನಗರದ ಅರಸರಿಂದ ಗೌರವ ಪಡೆದ ಗುರುವಿನ ಸಮಾಧಿಯಲ್ಲಿ ಚಿನ್ನವಿರಬಹುದೆಂದು ಅವರು ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಸನ್ಯಾಸಿಯ ಬೃಂದಾವನದ ಅಡಿಯಲ್ಲಿ ಇರುವುದು ಸನ್ಯಾಸಿಯ ದೇಹ ಮಾತ್ರ. ಆ ದೇಹದ ಬಗ್ಗೆ, ಅದರೊಳಗೆ ಇದ್ದು ಹೋದ ಜೀವದ ಬಗ್ಗೆ, ಅವೆರಡರ ಸಂಬಂಧದ ಬಗ್ಗೆ ಹದಿನಾರನೆಯ ಶತಮಾನದ ಭಾರತದಲ್ಲಿ ಅತ್ಯಂತ ಬಿಗಿಯಾದ ತರ್ಕವನ್ನು ಕಟ್ಟಿದವರಲ್ಲಿ ಒಬ್ಬರು ಅಲ್ಲಿ ಮಲಗಿದ್ದಾರೆ. ವ್ಯಾಸತೀರ್ಥರು, ಅಥವಾ ನಾಡು ಬಲ್ಲಂತೆ ವ್ಯಾಸರಾಜರು. ಪುರಂದರದಾಸರ ಗುರು, ಕೃಷ್ಣದೇವರಾಯನ ಕಾಲದ ರಾಜಗುರು ಎಂಬಷ್ಟಕ್ಕೆ ಅವರ ಪರಿಚಯ ಸಾಮಾನ್ಯವಾಗಿ ಮುಗಿದುಹೋಗುತ್ತದೆ. ಆದರೆ ಕಾಶಿಯ ಪಂಡಿತರನ್ನೂ ನಿದ್ದೆಗೆಡಿಸಿದ ಅವರ ಪ್ರಶ್ನೆಗಳು ಶಾಸ್ತ್ರ ಓದುವವರ ಕೊಠಡಿಯಿಂದ ಆಚೆಗೆ ಬಂದದ್ದು ಕಡಿಮೆ.

ಕೊಪಣದ ನೆಲ

ಜೀವ ಮತ್ತು ದೇಹದ ಚರ್ಚೆ ಈ ಸೀಮೆಗೆ ವ್ಯಾಸರಾಜರಿಂದ ಬಂದದ್ದಲ್ಲ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದು. ಇಂದಿನ ಕೊಪ್ಪಳವೇ ಅದು. ಅಂದು ಅದು ಜೈನರ ಮಹಾತೀರ್ಥವಾಗಿತ್ತು. ಅನ್ನ ನೀರು ತೊರೆದು ದೇಹವನ್ನು ತಾವಾಗಿಯೇ ಇಳಿಸಿಟ್ಟ ಮುನಿಗಳ ನೆನಪಿನ ನಿಸಿದಿಗಳು ಇಲ್ಲಿನ ಬೆಟ್ಟಗಳಲ್ಲಿವೆ. ಜೈನರ ಪ್ರಕಾರ ಜೀವಕ್ಕೆ ಸ್ವಂತ ಅಳತೆಯೆಂಬುದಿಲ್ಲ. ಗಡಿಗೆಯಲ್ಲಿಟ್ಟ ದೀಪ ಗಡಿಗೆಯನ್ನೂ ಕೋಣೆಯಲ್ಲಿಟ್ಟ ದೀಪ ಕೋಣೆಯನ್ನೂ ಬೆಳಗುವಂತೆ ಅದು ಸೇರಿದ ದೇಹದ ಗಾತ್ರಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಇಟಗಿಯಲ್ಲಿ 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಮಹಾದೇವ ದೇವಾಲಯ ಚಾಲುಕ್ಯರ ಕಾಲದ ಶೈವ ವೈಭವಕ್ಕೆ ಇಂದಿಗೂ ಸಾಕ್ಷಿ. ಮುಂದೆ ಶರಣರ ಪರಂಪರೆ ದೇಹವನ್ನೇ ದೇವರ ಮನೆಯಾಗಿ ಕಂಡಿತು. ಇಂಥ ನೆಲದ ಅಂಚಿನಲ್ಲಿ, ಹಂಪಿಯಿಂದ ನದಿಯ ಆಚೆ ದಡಕ್ಕೆ, ದ್ವೈತ ವೇದಾಂತದ ಶ್ರೇಷ್ಠ ತಾರ್ಕಿಕ ಕೊನೆಯ ವಿಶ್ರಾಂತಿ ಪಡೆದದ್ದು ಅಸಹಜವೇನಲ್ಲ.

ಅವರು ಹುಟ್ಟಿದ್ದು ಮಾತ್ರ ಇಲ್ಲಿಂದ ಬಲು ದೂರ. ಈಗಿನ ಮೈಸೂರು ಜಿಲ್ಲೆಯ ಬನ್ನೂರಿನಲ್ಲಿ, 1460ರ ಸುಮಾರಿಗೆ. ಬಾಲ್ಯದ ಹೆಸರು ಯತಿರಾಜ. ಹುಟ್ಟುವ ಮುನ್ನವೇ ಮಗುವನ್ನು ಮಠಕ್ಕೆ ಒಪ್ಪಿಸುವುದಾಗಿ ತಂದೆ ತಾಯಿ ಮಾತು ಕೊಟ್ಟಿದ್ದರೆಂದು ಸಂಪ್ರದಾಯ ಹೇಳುತ್ತದೆ. ಚನ್ನಪಟ್ಟಣದ ಬಳಿಯ ಅಬ್ಬೂರಿನಲ್ಲಿದ್ದ ಬ್ರಹ್ಮಣ್ಯತೀರ್ಥರು ಹುಡುಗನಿಗೆ ಸನ್ಯಾಸ ಕೊಟ್ಟರು. ಗುರುಗಳು ಹೆಚ್ಚು ಕಾಲ ಬದುಕಲಿಲ್ಲ. ತರುಣ ಯತಿ ಕಂಚಿಗೆ ನಡೆದರು.

ಈ ಕಂಚಿಯ ದಿನಗಳು ಅವರ ಬದುಕಿನಲ್ಲಿ ನಿರ್ಣಾಯಕ. ತಮ್ಮ ಮತದ ಗ್ರಂಥಗಳನ್ನು ಓದಿ ಉಳಿದವರನ್ನು ಬೈಯುವುದು ಸುಲಭ. ಎಲ್ಲ ಕಾಲದಲ್ಲೂ ಅನೇಕರು ಮಾಡುತ್ತ ಬಂದ ಕೆಲಸ ಅದು. ವ್ಯಾಸತೀರ್ಥರು ಮಾತ್ರ ನ್ಯಾಯ, ಮೀಮಾಂಸೆ, ಅದ್ವೈತ, ವಿಶಿಷ್ಟಾದ್ವೈತಗಳನ್ನು ಅವರವರ ಗ್ರಂಥಗಳಿಂದಲೇ ಕಲಿತರು. ಅದಾದ ಬಳಿಕ ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ವರ್ಷಗಟ್ಟಲೆ ದ್ವೈತ ಶಾಸ್ತ್ರ ಓದಿದರು. ಶ್ರೀಪಾದರಾಜರು ಸಂಸ್ಕೃತದ ವಿದ್ವಾಂಸರು, ಜೊತೆಗೆ ದೇವರ ಮುಂದೆ ಕನ್ನಡದಲ್ಲಿ ಹಾಡುವ ಪರಿಪಾಠಕ್ಕೆ ಬಲ ಕೊಟ್ಟವರು. ಶಿಷ್ಯ ಎರಡನ್ನೂ ಅವರಿಂದ ಪಡೆದರು.

ಗುರುವಿನ ಸೂಚನೆಯಂತೆ ಅವರು ಚಂದ್ರಗಿರಿಗೆ, ಸಾಳುವ ನರಸಿಂಹನ ಆಸ್ಥಾನಕ್ಕೆ ಹೋದರು. ತಿರುಮಲೆಯ ವೆಂಕಟೇಶ್ವರನ ಪೂಜೆಯ ಹೊಣೆ ಹನ್ನೆರಡು ವರ್ಷ ಅವರ ಮೇಲಿತ್ತೆಂಬುದು ಮಠದ ಪರಂಪರೆಯ ಮಾತು. ಮುಂದೆ ತುಳುವ ನರಸನಾಯಕನ ಕಾಲದಲ್ಲಿ ವಿಜಯನಗರಕ್ಕೆ ಬಂದರು. ನರಸನಾಯಕ, ವೀರನರಸಿಂಹ, ಕೃಷ್ಣದೇವರಾಯ, ಅಚ್ಯುತರಾಯ, ಹೀಗೆ ಅರಸರು ಬದಲಾದರೂ ವ್ಯಾಸತೀರ್ಥರ ಸ್ಥಾನ ಅಲುಗಲಿಲ್ಲ. ಅವರ ಸಮಕಾಲೀನ ಸೋಮನಾಥ ಕವಿ ಬರೆದ ವ್ಯಾಸಯೋಗಿಚರಿತ ಎಂಬ ಸಂಸ್ಕೃತ ಚಂಪೂಕಾವ್ಯ ಈ ವಿವರಗಳಿಗೆ ಮುಖ್ಯ ಆಧಾರ. ಕಳಿಂಗದಿಂದ ಬಂದ ಬಸವಭಟ್ಟನೆಂಬ ಪಂಡಿತನೊಡನೆ ವ್ಯಾಸತೀರ್ಥರು ಮೂವತ್ತು ದಿನ ವಾದ ಮಾಡಿ ಗೆದ್ದರೆಂದೂ, ಕೃಷ್ಣದೇವರಾಯ ಅವರಿಗೆ ರತ್ನಗಳ ಅಭಿಷೇಕ ಮಾಡಿಸಿದನೆಂದೂ ಆತ ವರ್ಣಿಸುತ್ತಾನೆ. ಕುಹಯೋಗವೆಂಬ ಕೆಟ್ಟ ಗಳಿಗೆಯಲ್ಲಿ ರಾಯನ ಬದಲು ವ್ಯಾಸತೀರ್ಥರೇ ಸಿಂಹಾಸನವೇರಿ ಕುಳಿತರು, ಆದ್ದರಿಂದಲೇ ವ್ಯಾಸರಾಜರೆಂಬ ಹೆಸರು ಬಂತು ಎಂಬ ಕಥೆಯೂ ಜನಪ್ರಿಯ. ಕಥೆ ಹೇಗೇ ಇರಲಿ, ರಾಜಧಾನಿಯಲ್ಲಿ ಅವರ ಮಾತಿಗಿದ್ದ ತೂಕವನ್ನು ಅದು ತೋರಿಸುತ್ತದೆ.

ಮೂವತ್ತು ದಿನದ ವಾದ ಎಂದರೆ ಇಂದಿನ ಟಿ.ವಿ. ಚರ್ಚೆಯನ್ನು ನೆನೆಯಬಾರದು. ಎದುರಾಳಿಯ ಮಾತನ್ನು ಅವನೇ ಒಪ್ಪುವಂತೆ ಮೊದಲು ಮಂಡಿಸಬೇಕು. ಅದು ಪೂರ್ವಪಕ್ಷ. ನಂತರವಷ್ಟೇ ಖಂಡನೆ. ಪೂರ್ವಪಕ್ಷವನ್ನು ದುರ್ಬಲಗೊಳಿಸಿ ಹೇಳಿದವನ ಗೆಲುವನ್ನು ಸಭೆ ಗೆಲುವೆಂದು ಲೆಕ್ಕಿಸುತ್ತಿರಲಿಲ್ಲ. ವ್ಯಾಸತೀರ್ಥರ ನಿಜವಾದ ಶಕ್ತಿ ಇದ್ದದ್ದು ಈ ಮೊದಲ ಹೆಜ್ಜೆಯಲ್ಲಿ.

ನ್ಯಾಯಾಮೃತದ ಪ್ರಶ್ನೆ

ತಾತ್ಪರ್ಯಚಂದ್ರಿಕಾ, ನ್ಯಾಯಾಮೃತ, ತರ್ಕತಾಂಡವ ಎಂಬ ಮೂರು ದೊಡ್ಡ ಗ್ರಂಥಗಳನ್ನು ಒಟ್ಟಾಗಿ ವ್ಯಾಸತ್ರಯ ಎನ್ನುತ್ತಾರೆ. ಮೊದಲನೆಯದು ಬ್ರಹ್ಮಸೂತ್ರಗಳ ಅರ್ಥವಿಚಾರ. ತರ್ಕತಾಂಡವ ನೈಯಾಯಿಕರ ಜೊತೆಗಿನ ಸೆಣಸಾಟ. ಮಿಥಿಲೆಯ ಗಂಗೇಶನಿಂದ ಬೆಳೆದ ನವ್ಯನ್ಯಾಯದ ಸೂಕ್ಷ್ಮ ಪರಿಭಾಷೆಯನ್ನು ದಕ್ಷಿಣದಲ್ಲಿ ಪೂರ್ಣವಾಗಿ ಅರಗಿಸಿಕೊಂಡು, ಅದೇ ಆಯುಧದಿಂದ ನೈಯಾಯಿಕರನ್ನು ಎದುರಿಸಿದ ಗ್ರಂಥವದು. ನ್ಯಾಯಾಮೃತ ಅದ್ವೈತದ ವಿಮರ್ಶೆ. ಅದು ನಾಲ್ಕು ಪರಿಚ್ಛೇದಗಳ ಗ್ರಂಥ. ಜಗತ್ತು ಮಿಥ್ಯೆ ಎಂಬ ಮಾತಿನ ಅರ್ಥವೇನೆಂದು ಕೇಳುತ್ತ ಶುರುವಾಗಿ, ಮೋಕ್ಷದ ವಿಚಾರದಲ್ಲಿ ಮುಗಿಯುತ್ತದೆ. ಪದ್ಮಪಾದ, ಪ್ರಕಾಶಾತ್ಮ, ಚಿತ್ಸುಖ, ಆನಂದಬೋಧ ಮೊದಲಾದ ಅದ್ವೈತಾಚಾರ್ಯರು ಬೇರೆ ಬೇರೆ ಕಾಲದಲ್ಲಿ ಮಿಥ್ಯೆಗೆ ಕೊಟ್ಟಿದ್ದ ಐದು ಲಕ್ಷಣಗಳನ್ನು ವ್ಯಾಸತೀರ್ಥರು ಒಂದೆಡೆ ಜೋಡಿಸಿದರು. ಬಳಿಕ ಒಂದೊಂದನ್ನೂ ತೂಗಿ ನೋಡಿದರು. ಅದ್ವೈತಿಗಳೇ ಅಷ್ಟು ಅಚ್ಚುಕಟ್ಟಾಗಿ ತಮ್ಮ ಮನೆಯ ಸಾಮಾನನ್ನು ಅದುವರೆಗೆ ಜೋಡಿಸಿರಲಿಲ್ಲ ಎಂದರೆ ಅತಿಶಯವಾಗದು.

ಅದ್ವೈತದ ನಿಲುವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಪಾರಮಾರ್ಥಿಕ ದೃಷ್ಟಿಯಲ್ಲಿ ಇರುವುದು ಬ್ರಹ್ಮವೊಂದೇ. ನಾನು ಬೇರೆ, ನೀನು ಬೇರೆ, ದೇಹ ಬೇರೆ, ಕಲ್ಲು ಬೇರೆ ಎಂಬ ತೋರಿಕೆಗೆಲ್ಲ ಅವಿದ್ಯೆ ಕಾರಣ. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಂಡಂತೆ ಅದು. ದೀಪ ತಂದರೆ ಹಾವು ಹೋಗುವಂತೆ, ಬ್ರಹ್ಮಜ್ಞಾನ ಮೂಡಿದೊಡನೆ ಅವಿದ್ಯೆ ನಾಶವಾಗುತ್ತದೆ. ಜೀವ ಹೋಗಿ ಎಲ್ಲಿಯೋ ಸೇರುವುದಿಲ್ಲ. ತಾನು ಎಂದಿನಿಂದಲೂ ಬ್ರಹ್ಮವೇ ಆಗಿದ್ದೆನೆಂದು ತಿಳಿಯುತ್ತದೆ. ಈ ತಿಳಿವು ಬದುಕಿರುವಾಗಲೇ ಸಾಧ್ಯ. ಹಾಗೆ ತಿಳಿದವನೇ ಜೀವನ್ಮುಕ್ತ.

ಇಲ್ಲಿಯೇ ವ್ಯಾಸತೀರ್ಥರು ಬೆರಳಿಡುತ್ತಾರೆ. ದೇಹ ಅವಿದ್ಯೆಯ ಫಲ. ಜ್ಞಾನದಿಂದ ಅವಿದ್ಯೆ ನಾಶವಾಯಿತು. ಹಾಗಾದರೆ ಮರುಕ್ಷಣವೂ ಆ ಜ್ಞಾನಿಯ ದೇಹ ಏಕೆ ಉಳಿಯುತ್ತದೆ? ಅವನಿಗೆ ಹಸಿವಾಗುತ್ತದೆ, ಕಾಲಿಗೆ ಮುಳ್ಳು ಚುಚ್ಚಿದರೆ ನೋಯುತ್ತದೆ, ಶಿಷ್ಯರು ಕಾಣುತ್ತಾರೆ. ದಾರವೆಲ್ಲ ಸುಟ್ಟುಹೋದ ಮೇಲೆ ಬಟ್ಟೆ ಉಳಿಯುವುದುಂಟೆ? ಉಪಾದಾನ ಕಾರಣ ಹೋದರೆ ಕಾರ್ಯವೂ ಹೋಗಬೇಕಲ್ಲವೆ?

ಇದಕ್ಕೆ ಅದ್ವೈತಿಗಳ ಬಳಿ ಉತ್ತರಗಳಿದ್ದವು. ಫಲ ಕೊಡಲು ಆಗಲೇ ಆರಂಭಿಸಿದ ಪ್ರಾರಬ್ಧ ಕರ್ಮ ಮುಗಿಯುವವರೆಗೆ ದೇಹ ಇರುತ್ತದೆ, ಕುಂಬಾರ ಕೋಲು ತೆಗೆದ ಮೇಲೂ ಚಕ್ರ ಸ್ವಲ್ಪ ಹೊತ್ತು ತಿರುಗುವಂತೆ ಎಂಬುದು ಒಂದು. ಅವಿದ್ಯೆ ಹೋದರೂ ಅದರ ಸಂಸ್ಕಾರ, ಅಥವಾ ಒಂದು ಲೇಶ, ಉಳಿದಿರುತ್ತದೆ ಎಂಬುದು ಇನ್ನೊಂದು. ಹೂವು ತೆಗೆದ ಮೇಲೂ ಬುಟ್ಟಿಯಲ್ಲಿ ಕಂಪು ಉಳಿಯುವುದಿಲ್ಲವೆ?

ವ್ಯಾಸತೀರ್ಥರು ಈ ಉತ್ತರಗಳನ್ನು ಒಂದೊಂದಾಗಿ ಹಿಡಿದು ಅಲುಗಾಡಿಸುತ್ತಾರೆ. ಸಂಸ್ಕಾರವೂ ಅವಿದ್ಯೆಯಿಂದಲೇ ಆದದ್ದಾದರೆ ಅದಕ್ಕೂ ಅದೇ ಗತಿಯಾಗಬೇಕು. ಅವಿದ್ಯೆಯದಲ್ಲವಾದರೆ, ಬ್ರಹ್ಮವಲ್ಲದ ಇನ್ನೊಂದು ವಸ್ತು ನಿಜವಾಗಿ ಇದೆ ಎಂದಾಯಿತು. ಕರ್ಮದ ವಿಷಯವೂ ಹಾಗೆಯೇ. ಜ್ಞಾನದಿಂದ ಹೋಗುವುದೇ ಮಿಥ್ಯೆಯ ಗುರುತು ಎಂದು ಅದ್ವೈತ ಹೇಳುತ್ತದೆ. ಪ್ರಾರಬ್ಧ ಕರ್ಮ ಜ್ಞಾನದಿಂದ ಹೋಗದೆ, ಅನುಭವಿಸಿ ತೀರಿದ ಮೇಲೆ ಮಾತ್ರ ಹೋಗುವುದಾದರೆ ಅದನ್ನು ಮಿಥ್ಯೆ ಎನ್ನುವುದು ಹೇಗೆ? ಜ್ಞಾನಿಯ ಉಳಿದ ದೇಹವೇ ಹೀಗೆ ಜಗತ್ತಿನ ಸತ್ಯತೆಗೆ ಸಾಕ್ಷಿ ಹೇಳಲು ನಿಲ್ಲುತ್ತದೆ. ಹಸಿವು, ನೋವು, ಮುಪ್ಪು ಇರುವ ಈ ಮೈಯನ್ನು ತೋರಿಕೆ ಎಂದು ಪಕ್ಕಕ್ಕೆ ಸರಿಸಲು ಅವರು ಬಿಡಲಿಲ್ಲ.

ಈ ತಕರಾರು ವಿಜಯನಗರದಲ್ಲಿ ಬರಿಯ ಪಾಠಶಾಲೆಯ ಕಸರತ್ತಾಗಿರಲಿಲ್ಲ. ಸಾಮ್ರಾಜ್ಯದ ಆರಂಭದ ದಿನಗಳಿಂದ ಶೃಂಗೇರಿಯ ಅದ್ವೈತ ಪೀಠಕ್ಕೆ ಅರಮನೆಯ ನಿಕಟ ಸಂಬಂಧವಿತ್ತು. ಶೃಂಗೇರಿಯ ವಿದ್ಯಾರಣ್ಯರು ಹದಿನಾಲ್ಕನೆಯ ಶತಮಾನದಲ್ಲಿ ಜೀವನ್ಮುಕ್ತಿಯನ್ನೇ ವಿಷಯವಾಗಿಟ್ಟುಕೊಂಡು ಜೀವನ್ಮುಕ್ತಿವಿವೇಕ ಬರೆದಿದ್ದರು. ಮಠದ ಗುರು ಉಪದೇಶ ಮಾಡಬಲ್ಲನೆಂದರೆ ಆತ ಸತ್ಯವನ್ನು ಕಂಡಿರಬೇಕು, ಕಂಡೂ ದೇಹದಲ್ಲಿ ಉಳಿದಿರಬೇಕು. ಜೀವನ್ಮುಕ್ತಿ ಎಂಬ ಪರಿಕಲ್ಪನೆ ಸಡಿಲಗೊಂಡರೆ ಗುರುಪೀಠದ ಅಧಿಕಾರವೂ ಅಲುಗುತ್ತದೆ. ಅರಸನ ದಾನ, ದೇವಾಲಯದ ಮರ್ಯಾದೆ, ಮಠದ ನೆಲ ಇವೆಲ್ಲ ಗುರುವಿನ ಘನತೆಯ ಮೇಲೆ ನಿಂತಿದ್ದ ನಗರದಲ್ಲಿ ಇದರ ಪರಿಣಾಮವನ್ನು ಊಹಿಸಬಹುದು. ಹಾಗೆಂದು ವ್ಯಾಸತೀರ್ಥರ ವಾದವನ್ನು ರಾಜಕೀಯಕ್ಕೆ ಇಳಿಸುವುದು ತಪ್ಪು. ಲೆಕ್ಕಾಚಾರಕ್ಕಾಗಿ ಬರೆದವರು ಎದುರಾಳಿಯ ಪರವಾಗಿ ಅಷ್ಟು ಪುಟಗಳನ್ನು ವ್ಯಯಿಸುವುದಿಲ್ಲ.

ಅಣುವಿನಷ್ಟು ಜೀವ

ಖಂಡನೆ ಮಾಡಿದವರು ತಮ್ಮ ಉತ್ತರವನ್ನೂ ಹೇಳಬೇಕು. ಮಧ್ವಾಚಾರ್ಯರ ಹಾದಿಯಲ್ಲಿ ವ್ಯಾಸತೀರ್ಥರು ಹೇಳುವಂತೆ ದೇವರು, ಜೀವ, ಜಡ ಮೂರೂ ಸತ್ಯ, ಮೂರೂ ಬೇರೆ. ಜೀವಗಳು ಅಸಂಖ್ಯ, ಒಂದರಂತೆ ಇನ್ನೊಂದಿಲ್ಲ. ದೇವರೊಬ್ಬನೇ ಸ್ವತಂತ್ರ, ಉಳಿದುದೆಲ್ಲ ಅವನ ಅಧೀನ. ದೇವರನ್ನು ನೇರವಾಗಿ ಕಂಡ ಜ್ಞಾನಿಗೂ ಪ್ರಾರಬ್ಧ ತೀರುವವರೆಗೆ ದೇಹ ಉಳಿಯುತ್ತದೆ. ಕರ್ಮ ನಿಜ, ದೇಹ ನಿಜ, ಬಂಧನವೂ ನಿಜ ಎಂದ ಮೇಲೆ ಅದರಲ್ಲಿ ತೊಡಕೇನಿಲ್ಲ. ನಿಜವಾದ ಸಂಕೋಲೆ ಇದು ಸಂಕೋಲೆ ಎಂದು ತಿಳಿದ ಮಾತ್ರಕ್ಕೆ ಕಳಚುವುದಿಲ್ಲ. ಅದನ್ನು ಬಿಚ್ಚಲು ದೇವರ ಪ್ರಸಾದ ಬೇಕು.

ಜೀವದ ಅಳತೆಯ ಪ್ರಶ್ನೆಯನ್ನೂ ನ್ಯಾಯಾಮೃತ ಬಿಡುವುದಿಲ್ಲ. ಆತ್ಮ ಸರ್ವವ್ಯಾಪಿ ಎಂದು ನೈಯಾಯಿಕರು ಮತ್ತು ಅದ್ವೈತಿಗಳು, ದೇಹದಷ್ಟು ಎಂದು ಜೈನರು. ದ್ವೈತಿಗಳಿಗೆ ಅದು ಅಣು. ಅಣುವಿನಷ್ಟು ಜೀವ ಹೃದಯದಲ್ಲಿ ಕುಳಿತಿದ್ದರೆ ಅಂಗಾಲಿನ ನೋವು ಅದಕ್ಕೆ ತಿಳಿಯುವುದು ಹೇಗೆ ಎಂಬ ಸವಾಲು ಸಹಜ. ಹಣೆಗಿಟ್ಟ ಒಂದು ಹನಿ ಗಂಧ ಮೈಯನ್ನೆಲ್ಲ ತಂಪಾಗಿಸುತ್ತದೆ, ಮೂಲೆಯಲ್ಲಿಟ್ಟ ದೀಪದ ಬೆಳಕು ಕೋಣೆಯನ್ನೆಲ್ಲ ತುಂಬುತ್ತದೆ ಎಂಬುದು ಸೂತ್ರಗಳ ಕಾಲದಿಂದ ಬಂದ ಉತ್ತರ. ಜೀವ ಒಂದೆಡೆ ಇದ್ದರೂ ಅದರ ಅರಿವು ಮೈತುಂಬ ಹರಡಬಲ್ಲದು.

ಸುಮಾರು ನೂರು ವರ್ಷದ ಬಳಿಕ, 1641ರಲ್ಲಿ, ಫ್ರೆಂಚ್ ತತ್ತ್ವಜ್ಞ ರೆನೆ ಡೆಕಾರ್ಟ್ ಆತ್ಮ ಮತ್ತು ದೇಹಗಳು ಪೂರ್ತಿ ಬೇರೆ ಎರಡು ದ್ರವ್ಯಗಳೆಂದು ವಾದಿಸುವ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ. 1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ಆತನಿಗೆ ಪತ್ರ ಬರೆದು, ದೇಹವೇ ಇಲ್ಲದ ಆತ್ಮ ದೇಹವನ್ನು ಅಲುಗಿಸುವುದು ಹೇಗೆಂದು ಕೇಳಿದಳು. ಯೂರೋಪು ಇಂದಿಗೂ ಆ ಪ್ರಶ್ನೆಯನ್ನು ಕೈಬಿಟ್ಟಿಲ್ಲ. ದ್ವೈತ ಎಂಬ ಹೆಸರು ಎರಡು ಕಡೆಗೂ ಸಲ್ಲುವುದರಿಂದ ಇವೆರಡನ್ನೂ ಒಂದೇ ಎಂದು ತಿಳಿಯುವವರುಂಟು. ಅದು ಸರಿಯಲ್ಲ. ಡೆಕಾರ್ಟ್ ಯೋಚನೆ, ಕಲ್ಪನೆ, ಸಂದೇಹಗಳನ್ನೆಲ್ಲ ಆತ್ಮದ ಪಾಲಿಗೆ ಹಾಕಿದ. ಮಾಧ್ವರಿಗೆ ಮನಸ್ಸು ಪ್ರಕೃತಿಯಿಂದಾದ ಒಂದು ಇಂದ್ರಿಯ, ಜಡದ ಕಡೆಗೆ ಸೇರಿದ್ದು. ಸಂದೇಹಪಡುವುದು ಮನಸ್ಸು. ಅದರ ಹಿಂದೆ ಸಾಕ್ಷಿ ಎಂಬ ಜೀವದ ಸ್ವರೂಪವೇ ಆದ ಅರಿವು ಇದೆ. ನಾನು ಇದ್ದೇನೆ, ನನಗೆ ಸುಖವಾಗುತ್ತಿದೆ, ನೋವಾಗುತ್ತಿದೆ ಎಂಬುದನ್ನು ತಪ್ಪಿಲ್ಲದೆ ಬಲ್ಲದ್ದು ಅದು. ಗೆರೆ ಎಳೆದ ಜಾಗವೇ ಬೇರೆ. ಅಲ್ಲದೆ ಜೀವವೂ ಜಡವೂ ಒಬ್ಬನೇ ದೇವರ ಹಿಡಿತದಲ್ಲಿರುವುದರಿಂದ ರಾಜಕುಮಾರಿಯ ಪ್ರಶ್ನೆ ಇಲ್ಲಿ ಅಷ್ಟು ತೀಕ್ಷ್ಣವಾಗುವುದಿಲ್ಲ. ಅದನ್ನು ಉತ್ತರವೆಂದು ಒಪ್ಪುವುದು ಬಿಡುವುದು ಓದುಗನಿಗೆ ಬಿಟ್ಟದ್ದು.

ಇನ್ನೊಂದು ಮುಖ್ಯ ಅಂಶವಿದೆ. ಈ ದೇಹ ಬಿದ್ದ ಮೇಲೂ ಜೀವ ನಿರಾಕಾರವಾಗುವುದಿಲ್ಲ ಎಂಬುದು ದ್ವೈತದ ಮಾತು. ಅರಿವು ಮತ್ತು ಆನಂದಗಳೇ ಆದ ಸ್ವರೂಪದೇಹವೊಂದು ಪ್ರತಿ ಜೀವಕ್ಕೂ ಉಂಟು. ಮೋಕ್ಷದಲ್ಲಿ ಅದು ತೆರೆದುಕೊಳ್ಳುತ್ತದೆ. ಅಂದರೆ ಬಿಡುಗಡೆಯಾದ ಮೇಲೂ ರಾಮ ರಾಮನಾಗಿಯೇ, ಸೀತೆ ಸೀತೆಯಾಗಿಯೇ ಉಳಿಯುತ್ತಾರೆ. ಯಾರೂ ಇನ್ನೊಬ್ಬರಲ್ಲಿ ಕರಗಿ ಇಲ್ಲವಾಗುವುದಿಲ್ಲ. ಅಗಲಿದವರನ್ನು ನೆನೆಯುವ ಸಾಮಾನ್ಯ ಮನುಷ್ಯನ ಹಂಬಲಕ್ಕೆ ಈ ಮಾತು ಹತ್ತಿರವಾದದ್ದು.

ಆದರೆ ಇದೇ ಸಿದ್ಧಾಂತದ ಇನ್ನೊಂದು ಮುಖ ಇಂದಿನ ಓದುಗನಿಗೆ ಇರುಸುಮುರುಸು ತರುತ್ತದೆ. ಜೀವಗಳು ಸ್ವಭಾವದಿಂದಲೇ ಬೇರೆ ಎಂದರೆ ಅವುಗಳಲ್ಲಿ ಮೇಲು ಕೀಳೂ ಸ್ವಭಾವದಿಂದಲೇ ಎಂದಾಗುತ್ತದೆ. ಮುಕ್ತಿಗೆ ಅರ್ಹವಲ್ಲದ ಜೀವಗಳೂ ಉಂಟೆಂದು ಮಾಧ್ವ ಮತ ಹೇಳುತ್ತದೆ. ಈ ಯೋಗ್ಯತೆ ಜೀವದ್ದೇ ಹೊರತು ಹುಟ್ಟಿದ ಕುಲದ್ದಲ್ಲ ಎಂದು ಪಂಡಿತರು ಸ್ಪಷ್ಟೀಕರಣ ಕೊಡುತ್ತಾರೆ. ಕುರುಬ ಕುಲದ ಕನಕದಾಸರನ್ನು ವ್ಯಾಸರಾಜರು ಶಿಷ್ಯರಾಗಿ ಸ್ವೀಕರಿಸಿದಾಗ ಮಠದವರು ಗೊಣಗಿದರೆಂದೂ, ಗುರುಗಳು ಎಲ್ಲರ ಮುಂದೆ ಕನಕರ ಅರಿವನ್ನು ತೋರಿಸಿಕೊಟ್ಟರೆಂದೂ ಹೇಳುವ ಕಥೆಗಳು ದಾಸ ಪರಂಪರೆಯಲ್ಲಿ ಹಲವಿವೆ. ಕಥೆಗಳ ಗುರು ಸಿದ್ಧಾಂತದ ತಾರತಮ್ಯಕ್ಕಿಂತ ಉದಾರಿಯಾಗಿ ಕಾಣುತ್ತಾರೆ. ಈ ಬಿಕ್ಕಟ್ಟನ್ನು ಅವರ ಗ್ರಂಥಗಳು ಬಿಡಿಸುವುದಿಲ್ಲ.

ಕೆರೆ, ಹಾಡು, ಮಠ

ದೇಹ ಸತ್ಯ, ಲೋಕ ಸತ್ಯ ಎಂದವರ ಬದುಕು ಲೋಕದ ಕೆಲಸಗಳಿಂದ ತುಂಬಿತ್ತು. 1524ರ ತಿರುಮಲೆಯ ಶಾಸನಗಳು ದೇವರ ಸೇವೆಗೆ ಅವರು ಮಾಡಿದ ಏರ್ಪಾಡುಗಳನ್ನು ದಾಖಲಿಸುತ್ತವೆ. ಇಂದಿನ ಆಂಧ್ರಪ್ರದೇಶದ ಮದನಪಲ್ಲಿ ಸೀಮೆಯ ಬೆಟ್ಟಕೊಂಡವನ್ನು ಕೃಷ್ಣದೇವರಾಯ ಅವರಿಗೆ ದಾನ ಕೊಟ್ಟದ್ದಕ್ಕೆ 1526ರ ತಾಮ್ರಶಾಸನವಿದೆ. ಆ ಪ್ರದೇಶದಲ್ಲಿ ವ್ಯಾಸಸಮುದ್ರವೆಂಬ ದೊಡ್ಡ ಕೆರೆ ಅವರ ಹೆಸರನ್ನು ಹೊತ್ತಿದೆ. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಕೆರೆ ಎಂದರೆ ಊರಿನ ಜೀವ. ಹಂಪಿಯ ಚಕ್ರತೀರ್ಥದ ಬಳಿಯ ಯಂತ್ರೋದ್ಧಾರಕ ಆಂಜನೇಯನೂ ಅವರ ಪ್ರತಿಷ್ಠೆಯೇ. ನಾಡಿನುದ್ದಕ್ಕೂ 732 ಹನುಮಂತನ ವಿಗ್ರಹಗಳನ್ನು ಸ್ಥಾಪಿಸಿದರೆಂಬ ಪ್ರತೀತಿಯಿದೆ.

ನ್ಯಾಯಾಮೃತದ ಒಂದು ಪುಟ ಓದಲು ಪಂಡಿತನಿಗೂ ದಿನ ಬೇಕಾದೀತು. ಅದೇ ಲೇಖಕ ಕೃಷ್ಣನನ್ನು ಮಗುವಿನಂತೆ ಕರೆಯುವ ಕನ್ನಡ ಹಾಡುಗಳನ್ನೂ ಬರೆದರು. ಅವರದೆಂದು ಪ್ರಸಿದ್ಧವಾದ ಯಮುನಾ ಕಲ್ಯಾಣಿ ರಾಗದ ಒಂದು ಹಾಡಿಗೆ ನೃತ್ಯಗಾರ್ತಿ ಬಾಲಸರಸ್ವತಿ ಮಾಡುತ್ತಿದ್ದ ಅಭಿನಯ ದೇಶವಿದೇಶಗಳಲ್ಲಿ ಹೆಸರಾಯಿತು. ಹಾಡನ್ನು ಗುನುಗುವ ಎಷ್ಟೋ ಮಂದಿಗೆ ಅದನ್ನು ಬರೆದವರ ಇನ್ನೊಂದು ಮುಖ ಗೊತ್ತಿಲ್ಲ.

1539ರ ಮಾರ್ಚ್‌ನಲ್ಲಿ, ವಿಳಂಬಿ ಸಂವತ್ಸರದ ಫಾಲ್ಗುಣ ಬಹುಳ ಚತುರ್ಥಿಯಂದು, ವ್ಯಾಸತೀರ್ಥರು ವಿಜಯನಗರದಲ್ಲಿ ತೀರಿಕೊಂಡರು. ಅಚ್ಯುತರಾಯ ಆಳುತ್ತಿದ್ದ ಕಾಲ. ದೇಹವನ್ನು ನದಿಯ ನಡುಗಡ್ಡೆಗೆ ತಂದರು. ಮಧ್ವಾಚಾರ್ಯರ ನೇರ ಶಿಷ್ಯ ಪದ್ಮನಾಭತೀರ್ಥರ ಬೃಂದಾವನ ಆಗಲೇ ಅಲ್ಲಿತ್ತು.

ವಾದ ಅಲ್ಲಿಗೆ ನಿಲ್ಲಲಿಲ್ಲ. ಬಂಗಾಳದಲ್ಲಿ ಹುಟ್ಟಿ ಕಾಶಿಯಲ್ಲಿ ನೆಲೆಸಿದ್ದ ಮಧುಸೂದನ ಸರಸ್ವತಿಯವರ ಕೈಗೆ ನ್ಯಾಯಾಮೃತ ಬಂತು. ಅದಕ್ಕೆ ಉತ್ತರವಾಗಿ ಅವರು ಅದ್ವೈತಸಿದ್ಧಿಯನ್ನು ಬರೆದರು. ವ್ಯಾಸತೀರ್ಥರ ಆಕ್ಷೇಪಗಳನ್ನು ಅದೇ ಕ್ರಮದಲ್ಲಿ ಎತ್ತಿಕೊಂಡು ಒಂದೊಂದಕ್ಕೂ ಸಮಾಧಾನ ಹೇಳುವ ಗ್ರಂಥವದು. ಜೀವನ್ಮುಕ್ತಿಯ ಪ್ರಶ್ನೆಯಲ್ಲಿ ಅವರು ಅವಿದ್ಯೆಯ ಶಕ್ತಿಗಳನ್ನು ಬೇರ್ಪಡಿಸಿದರು. ಸತ್ಯವನ್ನು ಮುಚ್ಚುವ ಶಕ್ತಿ ಜ್ಞಾನದಿಂದ ಹೋಗುತ್ತದೆ, ತೋರಿಕೆಯನ್ನು ಎದುರಿಗೆ ಹಿಡಿಯುವ ಶಕ್ತಿಯ ಲೇಶ ಪ್ರಾರಬ್ಧ ಮುಗಿಯುವವರೆಗೆ ಇರುತ್ತದೆ. ಹಾವಲ್ಲವೆಂದು ತಿಳಿದ ಮೇಲೂ ಮೈಯ ನಡುಕ ತಕ್ಷಣ ನಿಲ್ಲುವುದಿಲ್ಲವಲ್ಲ. ಉತ್ತರ ಸಮರ್ಥವಾದದ್ದು. ಆದರೆ ಅಂಥ ಉತ್ತರ ಹುಟ್ಟಬೇಕಾದರೆ ಅಂಥ ಪ್ರಶ್ನೆ ಬೇಕಿತ್ತು. ಅದ್ವೈತದ ಉತ್ತರಕಾಲದ ಅತ್ಯುತ್ತಮ ಗ್ರಂಥಗಳಲ್ಲಿ ಒಂದು ದ್ವೈತಿಯೊಬ್ಬರ ಕಾಟದಿಂದ ಹುಟ್ಟಿತು. ಮಧುಸೂದನರೂ ಕೃಷ್ಣನ ಪರಮ ಭಕ್ತರಾಗಿದ್ದುದು ಈ ಕಥೆಯ ಸ್ವಾರಸ್ಯ.

ದ್ವೈತಿಗಳ ಕಡೆಯಿಂದ ರಾಮಾಚಾರ್ಯರು ನ್ಯಾಯಾಮೃತ ತರಂಗಿಣಿ ಬರೆದು ಅದ್ವೈತಸಿದ್ಧಿಗೆ ಮರುತ್ತರ ಕೊಟ್ಟರು. ವೇಷ ಮರೆಸಿ ಮಧುಸೂದನರ ಬಳಿಯೇ ಓದಿ, ಅವರ ವಾದದ ಒಳಗುಟ್ಟು ತಿಳಿದು ಬರೆದರೆಂಬ ಐತಿಹ್ಯವಿದೆ. ಬ್ರಹ್ಮಾನಂದ ಸರಸ್ವತಿ ಅದ್ವೈತದ ಪರವಾಗಿ ಮತ್ತೆ ಲೇಖನಿ ಹಿಡಿದರು. ವನಮಾಲಿ ಮಿಶ್ರರು ಅದಕ್ಕೆ ಎದುರು ನಿಂತರು. ದಕ್ಷಿಣದಲ್ಲಿ ವ್ಯಾಸರಾಜರ ಶಿಷ್ಯ ವಿಜಯೀಂದ್ರತೀರ್ಥರು ಕುಂಭಕೋಣದಲ್ಲಿ ಅಪ್ಪಯ್ಯ ದೀಕ್ಷಿತರಂಥ ಮಹಾಪಂಡಿತರನ್ನು ಎದುರಿಸಿದರು. ಅವರ ಪರಂಪರೆಯ ಸುಧೀಂದ್ರತೀರ್ಥರು ನವಬೃಂದಾವನದಲ್ಲಿ ವ್ಯಾಸರಾಜರ ಬಳಿಯೇ ಇದ್ದಾರೆ. ಸುಧೀಂದ್ರರ ಶಿಷ್ಯರೇ ಮಂತ್ರಾಲಯದ ರಾಘವೇಂದ್ರಸ್ವಾಮಿಗಳು. ಲಕ್ಷಾಂತರ ಮಂದಿ ಭಕ್ತರಿಗೆ ಕಲ್ಪವೃಕ್ಷವಾದ ರಾಯರು ತರ್ಕತಾಂಡವಕ್ಕೂ ಚಂದ್ರಿಕೆಗೂ ವ್ಯಾಖ್ಯಾನ ಬರೆದ ಕಠಿಣ ತಾರ್ಕಿಕರೂ ಹೌದು.

ಇಪ್ಪತ್ತನೆಯ ಶತಮಾನದಲ್ಲಿ ಭಾರತೀಯ ದರ್ಶನದ ಇತಿಹಾಸ ಬರೆದ ಸುರೇಂದ್ರನಾಥ ದಾಸಗುಪ್ತರು ಜಯತೀರ್ಥ ಮತ್ತು ವ್ಯಾಸತೀರ್ಥರ ತರ್ಕಶಕ್ತಿಗೆ ಅತ್ಯುನ್ನತ ಸ್ಥಾನ ಕೊಟ್ಟರು. ವಾದದ ಎರಡೂ ಕಡೆಯ ಗ್ರಂಥಗಳನ್ನು ಜೊತೆಯಾಗಿಟ್ಟುಕೊಂಡು ಓದುವ ಪದ್ಧತಿ ವಿದ್ವತ್ ವಲಯದಲ್ಲಿ ಉಳಿದುಬಂದಿದೆ. ನ್ಯಾಯಾಮೃತವಿಲ್ಲದೆ ಅದ್ವೈತಸಿದ್ಧಿ ಅರ್ಥವಾಗುವುದಿಲ್ಲ. ಎದುರಾಳಿಗಳ ಕಪಾಟಿನಲ್ಲಿ ಇಷ್ಟು ಕಾಲ ಜಾಗ ಪಡೆದವರು ವಿರಳ.

ನವಬೃಂದಾವನದಲ್ಲಿ ಉಳಿದಿರುವ ಜಗಳಗಳು ಬೇರೆ ಬಗೆಯವು. ಅಲ್ಲಿನ ಒಂದು ಬೃಂದಾವನ ಯಾರದು, ಯಾವ ಮಠದವರು ಯಾವ ದಿನ ಆರಾಧನೆ ನಡೆಸಬೇಕು ಎಂಬ ವಿವಾದಗಳು ನ್ಯಾಯಾಲಯದ ಮೆಟ್ಟಿಲೇರಿವೆ, ಪೊಲೀಸ್ ಬಂದೋಬಸ್ತಿನಲ್ಲಿ ಆರಾಧನೆ ನಡೆದದ್ದೂ ಉಂಟು. ಆದರೆ 2019ರ ಜುಲೈ 18ರಂದು ಬೃಂದಾವನ ಒಡೆದ ಸುದ್ದಿ ಹಬ್ಬಿದಾಗ ಮಠಗಳ ಭೇದ ಮರೆತು ಯತಿಗಳೂ ಭಕ್ತರೂ ಆನೆಗೊಂದಿಗೆ ಧಾವಿಸಿದರು. ಚೆದುರಿದ ಕಲ್ಲುಗಳನ್ನು ಹೊಂದಿಸಿ ಮರುದಿನವೇ ಬೃಂದಾವನವನ್ನು ಮತ್ತೆ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಕೊಪ್ಪಳ ಪೊಲೀಸರು ಆರೋಪಿಗಳನ್ನು ಬಂಧಿಸಿದರು. ಪ್ರತಿ ವರ್ಷ ಫಾಲ್ಗುಣ ಮಾಸದಲ್ಲಿ ಭಕ್ತರು ಈಗಲೂ ದೋಣಿ ಹತ್ತಿ ನಡುಗಡ್ಡೆಗೆ ಬರುತ್ತಾರೆ. ಯತಿಗಳ ಬೃಂದಾವನಗಳ ಸುತ್ತ ನೆಲದ ಮೇಲೆ ಎಳೆದ ಗೆರೆಯ ಹೊರಗೆ ನಿಂತು, ಗುರುಗಳು ಒಳಗೆ ಇದ್ದಾರೆಂಬ ನಂಬಿಕೆಯಿಂದ ಪ್ರದಕ್ಷಿಣೆ ಹಾಕುತ್ತಾರೆ.